ಗುಂಪಿನ ಮಾತಿನಿಂದ ಗಿರಾಕಿ: ಬೇಳೆ ಮಾರಹೊರಟ ರೈತರಿಗೆ ಕೆಲವು ಸೂಚನೆಗಳು

ಬೀದರ ಜಿಲ್ಲೆಯ ಔರಾದ, ಭಾಲ್ಕಿ ಮತ್ತು ಬೀದರ ತಾಲ್ಲೂಕುಗಳ ಕಪ್ಪು ಭೂಮಿಯಲ್ಲಿ ತೊಗರಿ, ಉದ್ದು, ಹೆಸರು, ಸೋಯಾ ಅವರೆ, ಕಡಲೆ ಮತ್ತು ಹಿಂಗಾರಿ ಜೋಳ ಮುಖ್ಯ ಬೆಳೆಗಳು. ರಾಶಿಯಾದ ಕೂಡಲೇ ಕಾಳನ್ನು ಚೀಲದಲ್ಲಿ ತುಂಬಿ ಅಡತಿ ಅಂಗಡಿಗೆ ಸಾಗಿಸಿ, ಆ ದಿನದ ಧಾರಣೆಗೆ ಒಪ್ಪಿಸಿ ಬರುವುದು ಇಲ್ಲಿನ ರೂಢಿ. ಅದೇ ಕಾಳು ಬೇಳೆಯಾಗಿ ಪಟ್ಟಣದ ಮನೆಯನ್ನು ಸೇರುವಾಗ ಬೆಲೆ ಬಹಳ ಏರಿರುತ್ತದೆ. ಈ ಅಂತರದಲ್ಲಿ ಸ್ವಲ್ಪವನ್ನಾದರೂ ತಾವೇ ಉಳಿಸಿಕೊಳ್ಳಬೇಕೆಂದು ಔರಾದ ತಾಲ್ಲೂಕಿನ ಎಕಂಬಾದಂತಹ ಊರುಗಳ ರೈತ ಕುಟುಂಬಗಳು, ಮಹಿಳಾ ಸ್ವಸಹಾಯ ಸಂಘಗಳು ಬೇಳೆ ಮಾಡಿ ನೇರವಾಗಿ ಮಾರಲು ಯೋಚಿಸುವುದು ಸಹಜವೇ ಆಗಿದೆ.

ಬೇಳೆ ಮಾಡುವ ಯಂತ್ರ ಇಂದು ದುರ್ಲಭವಲ್ಲ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯು ರೂಪಿಸಿದ ಸಣ್ಣ ದಾಲ್ ಮಿಲ್ಲುಗಳು ಹಳ್ಳಿಯ ಮಟ್ಟಕ್ಕೆ ಹೊಂದುವಂತಹವು. ದುರ್ಲಭವಾಗಿರುವುದು ಗಿರಾಕಿ. ಆದುದರಿಂದ ಹೊಸದಾಗಿ ಮಾರಾಟಕ್ಕೆ ಇಳಿದವರು ಕೈಯಲ್ಲಿರುವ ಫೋನಿನ ಕಡೆಗೆ ತಿರುಗುತ್ತಾರೆ. ತಾವಿರುವ ವಾಟ್ಸಾಪ್ ಗುಂಪುಗಳಿಗೆಲ್ಲ ಬೇಳೆಯ ಚೀಲದ ಚಿತ್ರ, ದರ ಮತ್ತು ನಂಬರನ್ನು ಕಳುಹಿಸುತ್ತಾರೆ. ಉತ್ತರ ಬಾರದಿದ್ದರೆ ಮರುದಿನ ಮತ್ತೆ ಕಳುಹಿಸುತ್ತಾರೆ. ವಾರ ಕಳೆಯುವುದರೊಳಗೆ ಗುಂಪಿನ ನಿರ್ವಾಹಕರು ಅವರನ್ನು ಹೊರಗೆ ಹಾಕುತ್ತಾರೆ. ಬೇಳೆಯೂ ಉಳಿಯುತ್ತದೆ, ಹೆಸರೂ ಕೆಡುತ್ತದೆ. ಈ ನಷ್ಟವನ್ನು ತಪ್ಪಿಸುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಎಷ್ಟು ಗಿರಾಕಿಗಳು ಬೇಕು?

ಮೊಟ್ಟಮೊದಲು ಈ ಲೆಕ್ಕವನ್ನು ಮಾಡಿಕೊಳ್ಳಬೇಕು. ಎಕಂಬಾದ ಒಂದು ಕುಟುಂಬವು ಮಳೆಯಾಶ್ರಯದಲ್ಲಿ 3 ಎಕರೆ ತೊಗರಿ ಬೆಳೆದು 10 ಕ್ವಿಂಟಾಲ್ ಕಾಳು ಪಡೆಯಿತೆಂದು ಇಟ್ಟುಕೊಳ್ಳೋಣ. 100 ಕಿಲೋ ತೊಗರಿಯಿಂದ ಸಾಮಾನ್ಯವಾಗಿ 65ರಿಂದ 75 ಕಿಲೋ ಬೇಳೆ ದೊರೆಯುತ್ತದೆ. 70 ಕಿಲೋ ಎಂದು ಹಿಡಿದರೆ 10 ಕ್ವಿಂಟಾಲಿಗೆ 700 ಕಿಲೋ ಬೇಳೆಯಾಯಿತು. ನಾಲ್ಕೈದು ಜನರಿರುವ ಮನೆಯೊಂದು ತಿಂಗಳಿಗೆ 3 ಕಿಲೋ ತೊಗರಿಬೇಳೆ ಬಳಸಿದರೆ ವರ್ಷಕ್ಕೆ 36 ಕಿಲೋ ಬೇಕು. ಅಂದರೆ ಇಡೀ ಬೆಳೆಯನ್ನು ಬೇಳೆ ಮಾಡಿ ಮಾರಿದರೂ ಸುಮಾರು 20 ಮನೆಗಳು ಸಾಕು.

ಇಪ್ಪತ್ತು ಮನೆಗಳಿಗಾಗಿ ಸಾವಿರಾರು ಜನರಿಗೆ ಸಂದೇಶ ಕಳುಹಿಸಿ ಬೇಸರ ಉಂಟುಮಾಡುವ ಅಗತ್ಯವಿಲ್ಲ. ವರ್ಷವರ್ಷವೂ ಕೊಳ್ಳುವ 20 ಮನೆಗಳನ್ನು ಒಂದೊಂದಾಗಿ ಗಳಿಸುವುದೇ ಗುರಿಯಾಗಿರಬೇಕು. ಮೊದಲ ವರ್ಷ 1 ಅಥವಾ 2 ಕ್ವಿಂಟಾಲ್ ತೊಗರಿಯನ್ನು ಮಾತ್ರ ಬೇಳೆ ಮಾಡಿಸಿ, ಉಳಿದುದನ್ನು ಎಂದಿನಂತೆ ಮಾರುಕಟ್ಟೆಗೆ ಕಳುಹಿಸುವುದು ಕ್ಷೇಮ. ಗಿರಾಕಿ ಗೊತ್ತಾಗುವ ಮುನ್ನವೇ ಸಾವಿರ ಚೀಲಗಳ ಮೇಲೆ ಹೆಸರು ಮುದ್ರಿಸುವುದು ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದಂತೆ.

ನೆರೆಯವರ ಮಾತಿನ ಬೆಲೆ

ಹೊಸದೊಂದನ್ನು ಜನ ಹೇಗೆ ಒಪ್ಪಿಕೊಳ್ಳುತ್ತಾರೆ ಎಂಬುದು ಕೃಷಿ ವಿಸ್ತರಣೆಯ ಹಳೆಯ ಪ್ರಶ್ನೆ. ಅಮೆರಿಕದ ಅಯೋವಾ ರಾಜ್ಯದಲ್ಲಿ ಹೈಬ್ರಿಡ್ ಮುಸುಕಿನ ಜೋಳದ ಬೀಜ ಹೇಗೆ ಹರಡಿತೆಂಬುದನ್ನು ರಯಾನ್ ಮತ್ತು ಗ್ರಾಸ್ ಎಂಬ ಸಮಾಜಶಾಸ್ತ್ರಜ್ಞರು 259 ರೈತರನ್ನು ವಿಚಾರಿಸಿ 1943ರಲ್ಲಿ ಪ್ರಕಟಿಸಿದರು. ಹೊಸ ಬೀಜದ ಸುದ್ದಿಯನ್ನು ಹೆಚ್ಚಿನ ರೈತರು ಮೊದಲು ಕೇಳಿದ್ದು ಬೀಜ ಮಾರುವವರ ಬಾಯಿಂದ. ಆದರೆ ಬಿತ್ತುವ ನಿರ್ಧಾರಕ್ಕೆ ಎಲ್ಲಕ್ಕಿಂತ ಹೆಚ್ಚು ಕಾರಣವಾದದ್ದು ನೆರೆಯ ರೈತರ ಅನುಭವ. ಮಾರುವವನ ಮಾತು ಸುದ್ದಿ ಮುಟ್ಟಿಸುತ್ತದೆ. ಬಳಸಿದವನ ಮಾತು ನಂಬಿಕೆ ಹುಟ್ಟಿಸುತ್ತದೆ.

ಗುಂಪಿನಲ್ಲಿ ಕುಳಿತು ಚರ್ಚಿಸಿ ಕಲಿಯುವ ಪದ್ಧತಿಯೂ ನಮ್ಮಲ್ಲಿ ಹೊಸದಲ್ಲ. 1956ರಲ್ಲಿ ಪುಣೆಯ ಆಕಾಶವಾಣಿಯು ಯುನೆಸ್ಕೋ ನೆರವಿನಿಂದ ಅಂದಿನ ಮುಂಬಯಿ ರಾಜ್ಯದ 5 ಜಿಲ್ಲೆಗಳ 150 ಹಳ್ಳಿಗಳಲ್ಲಿ ಗ್ರಾಮೀಣ ರೇಡಿಯೋ ಕೂಟಗಳನ್ನು ಪ್ರಯೋಗ ಮಾಡಿ ನೋಡಿತು. ಹಳ್ಳಿಯವರು ಒಟ್ಟಿಗೆ ಕುಳಿತು ಕಾರ್ಯಕ್ರಮ ಕೇಳಿ, ಚರ್ಚಿಸಿ, ತಮ್ಮ ಪ್ರಶ್ನೆಗಳನ್ನು ಕೇಂದ್ರಕ್ಕೆ ತಿಳಿಸುತ್ತಿದ್ದರು. ಕೇಳುವುದು, ಚರ್ಚಿಸುವುದು, ಆಚರಿಸುವುದು ಎಂಬುದೇ ಆ ಕೂಟಗಳ ಸೂತ್ರ. ಮುಂದೆ ಬಂದ ರೈತರ ಚರ್ಚಾ ಮಂಡಲಗಳೂ ಇದೇ ದಾರಿಯವು. ಇಂದಿನ ಫೋನಿನ ಗುಂಪು ಅದೇ ಕೂಟದ ಬೇರೊಂದು ರೂಪ. ಕೂಟಕ್ಕೆ ಬಂದವನು ಯಾರ ಮಾತನ್ನೂ ಕೇಳದೆ ಗಂಟು ಬಿಚ್ಚಿ ವ್ಯಾಪಾರಕ್ಕೆ ಕುಳಿತರೆ ಉಳಿದವರು ಎದ್ದು ಹೋಗುವುದು ಸಹಜ.

ಯಾವ ಗುಂಪನ್ನು ಸೇರಬೇಕು?

ರೈತರು ಸಾಮಾನ್ಯವಾಗಿ ಇರುವುದು ರೈತರ ಗುಂಪುಗಳಲ್ಲಿ. ಅಲ್ಲಿ ಇರುವವರೆಲ್ಲ ತೊಗರಿ ಬೆಳೆಯುವವರೇ ಆದುದರಿಂದ ಬೇಳೆ ಕೊಳ್ಳುವವರು ವಿರಳ. ಬೇಸಾಯದ ಮಾಹಿತಿಗೆ ಆ ಗುಂಪು ಉತ್ತಮ, ಮಾರಾಟಕ್ಕೆ ಅಲ್ಲ. ಬೇಳೆ ಬೇಯಿಸುವವರು ಮಾತನಾಡುವ ಸ್ಥಳಗಳನ್ನು ಹುಡುಕಬೇಕು. ಅಂತಹವು ಮುಖ್ಯವಾಗಿ ನಾಲ್ಕು ಬಗೆ.

1. ಊರು ಬಿಟ್ಟವರ ಗುಂಪುಗಳು. ಔರಾದ, ಭಾಲ್ಕಿ ಕಡೆಯಿಂದ ಹೈದರಾಬಾದ್, ಪುಣೆ, ಮುಂಬಯಿ, ಬೆಂಗಳೂರುಗಳಿಗೆ ದುಡಿಯಲು ಹೋದವರು ಬಹಳ. ಊರಿನ ಬೇಳೆ, ಊರಿನ ಜೋಳದ ರುಚಿ ಬಲ್ಲವರು ಇವರು.

2. ಹಳೆಯ ವಿದ್ಯಾರ್ಥಿಗಳ ಮತ್ತು ನೌಕರರ ಗುಂಪುಗಳು.

3. ಅಡುಗೆ, ಕೈತೋಟ, ಮನೆವಾರ್ತೆಗಳ ಬಗ್ಗೆ ಮಾತನಾಡುವ ಮಹಿಳೆಯರ ಗುಂಪುಗಳು. ಇವುಗಳಿಗೆ ಮನೆಯ ಹೆಣ್ಣುಮಕ್ಕಳೇ ಸೇರುವುದು ಯೋಗ್ಯ.

4. ಪಟ್ಟಣದ ಒಂದೇ ಕಟ್ಟಡ ಅಥವಾ ಬಡಾವಣೆಯ ನಿವಾಸಿಗಳ ಗುಂಪುಗಳು. ಇವುಗಳಿಗೆ ಅಲ್ಲಿ ವಾಸಿಸುವ ಬಂಧುಗಳ ಮೂಲಕವೇ ಹೋಗಬೇಕು.

ಔರಾದ ತಾಲ್ಲೂಕು ಮಹಾರಾಷ್ಟ್ರ ಮತ್ತು ತೆಲಂಗಾಣ ಎರಡಕ್ಕೂ ಗಡಿ. ಕನ್ನಡದ ಜೊತೆಗೆ ಮರಾಠಿ, ತೆಲುಗು, ಉರ್ದು ಬಲ್ಲವರು ಮನೆಮನೆಯಲ್ಲಿದ್ದಾರೆ. ಇದು ಇಲ್ಲಿನ ರೈತರಿಗೆ ದೊರೆತ ದೊಡ್ಡ ಅನುಕೂಲ. ಗುಂಪು ಯಾವ ಭಾಷೆಯಲ್ಲಿ ಮಾತನಾಡುತ್ತದೆಯೋ ಅದೇ ಭಾಷೆಯಲ್ಲಿ ಮಾತನಾಡಬೇಕು. ಹತ್ತು ಗುಂಪುಗಳನ್ನು ಸೇರುವುದಕ್ಕಿಂತ ಎರಡು ಗುಂಪುಗಳಲ್ಲಿ ಪರಿಚಿತರಾಗುವುದು ಮೇಲು.

ಬಿತ್ತುವ ಮೊದಲು ಭೂಮಿ ಹದ ಮಾಡುವುದು

ಗುಂಪು ಸೇರಿದ ದಿನವೇ ದರಪಟ್ಟಿ ಹಾಕುವುದು ಉಳುಮೆ ಮಾಡದ ಹೊಲದಲ್ಲಿ ಬೀಜ ಚೆಲ್ಲಿದಂತೆ. ಮೊದಲ ಮೂರು ನಾಲ್ಕು ವಾರ ಸುಮ್ಮನೆ ಓದಬೇಕು. ಗುಂಪಿನ ನಿಯಮಗಳೇನು, ಮಾರಾಟಕ್ಕೆ ಅವಕಾಶವಿದೆಯೇ, ಇದ್ದರೆ ಯಾವ ವಾರ, ಯಾರ ಮಾತಿಗೆ ಅಲ್ಲಿ ಗೌರವವಿದೆ ಎಂಬುದನ್ನು ತಿಳಿಯಬೇಕು. ಬೇಳೆಕಾಳಿನ ವಿಷಯ ಬಂದಾಗಲೆಲ್ಲ ಪ್ರಶ್ನೆಯನ್ನು ನೋಟ್‌ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಬೇಳೆ ಏಕೆ ಬೇಯುವುದಿಲ್ಲ, ಹೊಳಪಿನ ಬೇಳೆ ಒಳ್ಳೆಯದೋ ಮಾಸಲು ಬೇಳೆ ಒಳ್ಳೆಯದೋ, ನುಸಿ ಹಿಡಿಯದಂತೆ ಹೇಗೆ ಇಡಬೇಕು, ಇಂತಹ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ಜನರಿಗೆ ಏನು ಬೇಕಾಗಿದೆ ಎಂಬುದು ಇವುಗಳಿಂದಲೇ ತಿಳಿಯುತ್ತದೆ. ಹಲವರು 1 ಕಿಲೋ ಸಾಕೆನ್ನುವಲ್ಲಿ 10 ಕಿಲೋ ಚೀಲ ಕಟ್ಟಿ ಕುಳಿತರೆ ಪ್ರಯೋಜನವಿಲ್ಲ.

ಉತ್ತರ ಕೊಡುವ ಕ್ರಮ

ಬೇಳೆಯನ್ನು ಬೆಳೆದವನಿಗೆ ಪಟ್ಟಣದ ಅಂಗಡಿಯವನಿಗಿಂತ ಹೆಚ್ಚು ಗೊತ್ತಿರುತ್ತದೆ. ಆ ತಿಳಿವಳಿಕೆಯೇ ಅವನ ಬಂಡವಾಳ. ಹೈದರಾಬಾದಿನಲ್ಲಿರುವ ಗೃಹಿಣಿಯೊಬ್ಬರು "ಎರಡು ಸೀಟಿ ಹೆಚ್ಚು ಕೂಗಿಸಿದರೂ ಬೇಳೆ ಬೇಯುತ್ತಿಲ್ಲ" ಎಂದು ಗುಂಪಿನಲ್ಲಿ ಕೇಳಿದರೆನ್ನೋಣ. ಇದಕ್ಕೆ ಎರಡು ಬಗೆಯ ಉತ್ತರ ಕೊಡಬಹುದು.

ಮೊದಲನೆಯದು: "ನಮ್ಮಲ್ಲಿ ಉತ್ತಮ ಬೇಳೆ ಸಿಗುತ್ತದೆ, ಕೂಡಲೇ ಫೋನ್ ಮಾಡಿ."

ಎರಡನೆಯದು: "ಅಕ್ಕಾರೆ, ನೀರು ಗಡಸು ಇದ್ದರ ಬ್ಯಾಳಿ ಲಗೂ ಬೇಯಂಗಿಲ್ರಿ. ಹಳೇ ಬ್ಯಾಳಿ ಇದ್ದರೂ ಹಂಗೇ. ಅರ್ಧ ತಾಸು ನೆನೆ ಇಡ್ರಿ, ಕುಡಿಯೋ ನೀರಾಗ ಕುದಿಸ್ರಿ, ಹುಣಸಿಹುಳಿ ಬ್ಯಾಳಿ ಬೆಂದ ಮ್ಯಾಲ ಹಾಕ್ರಿ. ನಾವು ಎಕಂಬಾದಾಗ ತೊಗರಿ ಬೆಳಿಯೋರು, ಬ್ಯಾಳಿನೂ ಮಾಡ್ತೀವಿ. ಆದರ ಮೊದಲ ಮನ್ಯಾಗಿದ್ದ ಬ್ಯಾಳಿ ಮ್ಯಾಲ ಇದು ಮಾಡಿ ನೋಡ್ರಿ."

ಮೊದಲ ಉತ್ತರದಿಂದ ಕೇಳಿದವರ ತೊಂದರೆ ತೀರುವುದಿಲ್ಲ. ಎರಡನೆಯ ಉತ್ತರವು ಅವರು ಏನನ್ನೂ ಕೊಳ್ಳದಿದ್ದರೂ ಉಪಯೋಗಕ್ಕೆ ಬರುತ್ತದೆ. ಗಡಸು ನೀರಿನಲ್ಲಿರುವ ಸುಣ್ಣ ಮತ್ತು ಮೆಗ್ನೀಷಿಯಂ ಅಂಶಗಳು ಬೇಳೆಯ ಜೀವಕೋಶಗಳನ್ನು ಬಂಧಿಸಿರುವ ವಸ್ತುವನ್ನು ಇನ್ನಷ್ಟು ಗಟ್ಟಿ ಮಾಡುವುದರಿಂದ ಬೇಳೆ ಮೆತ್ತಗಾಗುವುದು ತಡವಾಗುತ್ತದೆ. ಹುಳಿಯ ಪರಿಣಾಮವೂ ಇಂತಹುದೇ. ಅಲ್ಲಿರುವ ನೂರು ಜನ ಆ ಉತ್ತರವನ್ನು ಓದುತ್ತಾರೆ. ಅವರಲ್ಲಿ ಇಬ್ಬರು ಬೇಳೆಯ ಬಗ್ಗೆ ವಿಚಾರಿಸಿದರೂ ಸಾಕು.

ಎರಡನೆಯ ಉತ್ತರದಲ್ಲಿ ಮತ್ತೊಂದು ಅಂಶವನ್ನು ಗಮನಿಸಬೇಕು. ತಾನು ಬೇಳೆ ಮಾರುವವನೆಂಬುದನ್ನು ರೈತ ಮುಚ್ಚಿಟ್ಟಿಲ್ಲ. ಮಾರುವವನು ಗಿರಾಕಿಯ ವೇಷ ಹಾಕಿ ತನ್ನ ಸರಕನ್ನು ತಾನೇ ಹೊಗಳುವುದು, ಬಂಧುಗಳಿಂದ ಹೊಗಳಿಸುವುದು ಇವೆರಡೂ ಮೋಸ. ಒಂದು ದಿನ ಬಯಲಾದರೆ ಆಮೇಲೆ ನಿಜ ಹೇಳಿದರೂ ಯಾರೂ ನಂಬರು.

ಬಾಳೆಕಾಯಿ ಹುಡಿಯ ಉದಾಹರಣೆ

ಈ ಕ್ರಮಕ್ಕೆ ಕರ್ನಾಟಕದಲ್ಲೇ ಒಳ್ಳೆಯ ಉದಾಹರಣೆಯಿದೆ. 2021ರಲ್ಲಿ ಕೋವಿಡ್ ನಿರ್ಬಂಧಗಳ ಕಾಲದಲ್ಲಿ ಬಾಳೆಯ ಬೆಲೆ ಕುಸಿದು ಬೆಳೆಗಾರರು ಕಂಗೆಟ್ಟರು. ಆಗ ಪುತ್ತೂರಿನಿಂದ 1988ರಿಂದ ಹೊರಡುತ್ತಿರುವ, ಶ್ರೀ ಪಡ್ರೆಯವರ ಸಂಪಾದಕತ್ವದ 'ಅಡಿಕೆ ಪತ್ರಿಕೆ'ಯು ಬಾಳೆಕಾಯಿಯನ್ನು ಹೆಚ್ಚಿ, ಒಣಗಿಸಿ, ಪುಡಿ ಮಾಡುವ ಕ್ರಮವನ್ನು 'ಬಾಕಾಹು' ಎಂಬ ಕಿರುಹೆಸರಿನಲ್ಲಿ ಪ್ರಚಾರ ಮಾಡಿತು. ಉತ್ತರ ಕನ್ನಡ ಮತ್ತು ದಕ್ಷಿಣ ಕನ್ನಡದ ಮಹಿಳೆಯರು ಆ ಹುಡಿಯಿಂದ ದೋಸೆ, ಗುಲಾಬ್ ಜಾಮೂನು ಮುಂತಾದುವನ್ನು ಮಾಡಿ ಅವುಗಳ ಚಿತ್ರಗಳನ್ನು ಸಾಮಾಜಿಕ ಜಾಲತಾಣಗಳಲ್ಲಿ ಹಂಚಿಕೊಂಡರು. ನೋಡಿದವರು ಮಾಡುವ ವಿಧಾನ ಕೇಳಿದರು, ನಂತರ ಹುಡಿಗೂ ಬೇಡಿಕೆ ಬಂದಿತು. 2021ರ ಜುಲೈ 25ರ 'ಮನ್ ಕೀ ಬಾತ್' ಬಾನುಲಿ ಭಾಷಣದಲ್ಲಿ ಪ್ರಧಾನ ಮಂತ್ರಿಗಳು ಇದನ್ನು ಪ್ರಸ್ತಾಪಿಸಿದರು.

ಇಲ್ಲಿ ಮೊದಲು ಹರಡಿದ್ದು ದೋಸೆ ಮಾಡುವ ವಿದ್ಯೆ. ಹುಡಿಯ ಮಾರಾಟ ಅದರ ಹಿಂದೆ ಬಂದಿತು. ಮನೆಯಲ್ಲೇ ಹುಡಿ ಮಾಡುವುದನ್ನು ಎಲ್ಲರಿಗೂ ತೋರಿಸಿಕೊಟ್ಟರೆ ಕೊಳ್ಳುವವರು ಇಲ್ಲವಾದಾರು ಎಂಬ ಭಯ ಸುಳ್ಳಾಯಿತು. ಎಕಂಬಾದ ರೈತರೂ ಬೇಳೆಯ ಚೀಲದ ಚಿತ್ರಕ್ಕಿಂತ ಹೂ ಬಿಟ್ಟ ಹೊಲ, ರಾಶಿಯ ಕಣ, ಮನೆಯಲ್ಲಿ ಕಾಳು ಒಡೆಯುವ ಬಗೆ, ಹೊಸ ಬೇಳೆಯ ಅಡುಗೆ ಇವುಗಳನ್ನು ತೋರಿಸುವುದು ಹೆಚ್ಚು ಫಲಕಾರಿ.

ಕಿರಿಕಿರಿ ಎನಿಸುವ ನಡವಳಿಕೆ

ಕೆಳಗಿನವುಗಳನ್ನು ಕಡ್ಡಾಯವಾಗಿ ಬಿಡಬೇಕು.

• ಒಂದೇ ಸಂದೇಶವನ್ನು ಎಲ್ಲ ಗುಂಪುಗಳಿಗೂ ಕಳುಹಿಸುವುದು. ಇಂತಹ ಹಾವಳಿಯನ್ನು ತಡೆಯಲೆಂದೇ ವಾಟ್ಸಾಪ್ ಸಂಸ್ಥೆಯು 2018ರಲ್ಲಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ 5 ಕಡೆಗೆ ಮಾತ್ರ ಮುಂದೂಡುವ ಮಿತಿ ಹಾಕಿತು. ಹಲವು ಬಾರಿ ಮುಂದೂಡಿದ ಸಂದೇಶಕ್ಕೆ 2020ರಲ್ಲಿ ಆ ಮಿತಿಯನ್ನು ಒಂದಕ್ಕೆ ಇಳಿಸಿತು.

• ಗುಂಪಿನಲ್ಲಿರುವವರ ನಂಬರುಗಳನ್ನು ತೆಗೆದುಕೊಂಡು ಅವರನ್ನು ಕೇಳದೆಯೇ ತನ್ನ ಮಾರಾಟದ ಗುಂಪಿಗೆ ಸೇರಿಸುವುದು, ಒಬ್ಬೊಬ್ಬರಿಗೂ ಖಾಸಗಿ ಸಂದೇಶ ಕಳುಹಿಸುವುದು. ಗುಂಪಿಗೆ ಸೇರಿಸಿಕೊಂಡವರು ಬೆರಳು ತೋರಿಸಿದರೆ ಹಸ್ತ ನುಂಗಿದಂತಾಗುತ್ತದೆ. ಜನ ದೂರು ಒತ್ತಿದರೆ ನಂಬರೇ ಸ್ಥಗಿತವಾಗಬಹುದು.

• ಸಾವು, ಕಾಯಿಲೆ, ಬರ, ಅತಿವೃಷ್ಟಿಗಳ ಮಾತು ನಡೆದಿರುವಾಗ ನಡುವೆ ದರಪಟ್ಟಿ ಹಾಕುವುದು.

• ರೋಗ ಗುಣವಾಗುತ್ತದೆ, ನೂರಕ್ಕೆ ನೂರು ವಿಷಮುಕ್ತ ಎಂಬಂತಹ ಮಾತು. ಹೂ ಬಿಡುವಾಗ ಕಾಯಿಕೊರಕಕ್ಕೆ ಔಷಧ ಸಿಂಪಡಿಸಿದ್ದರೆ ಸಿಂಪಡಿಸಿದ್ದೇವೆಂದೇ ಹೇಳಬೇಕು. ಸಾವಯವ ಎಂಬ ಪದವನ್ನು ಬೆಳೆದ ಕ್ರಮಕ್ಕೆ ತಕ್ಕಂತೆಯೇ ಬಳಸಬೇಕು.

• ಬೇರೆ ಮಾರಾಟಗಾರರನ್ನು ತೆಗಳುವುದು.

ಮಾರಾಟದ ಮಾತನ್ನು ಹೇಳಲೇಬೇಕಾದಾಗ ನಿರ್ವಾಹಕರ ಒಪ್ಪಿಗೆ ಪಡೆದು ಸುಗ್ಗಿಯ ನಂತರ ಒಮ್ಮೆ, ಹಬ್ಬದ ಮುಂಚೆ ಒಮ್ಮೆ ಹೇಳಿದರೆ ಸಾಕು. ಸಂದೇಶದಲ್ಲಿ ತೂಕ, ದರ, ಸಾಗಾಣಿಕೆ ವೆಚ್ಚ, ಮುಟ್ಟುವ ದಿನ ಇವಿಷ್ಟು ಸ್ಪಷ್ಟವಾಗಿರಲಿ. ತಾವಾಗಿಯೇ ಕೇಳಿಕೊಂಡ ಗಿರಾಕಿಗಳಿಗೆ ಮಾತ್ರ ಬ್ರಾಡ್‌ಕಾಸ್ಟ್ ಪಟ್ಟಿಯ ಮೂಲಕ ತಿಳಿಸಬಹುದು. ಕಳುಹಿಸುವವರ ನಂಬರನ್ನು ತಮ್ಮ ಫೋನಿನಲ್ಲಿ ಬರೆದಿಟ್ಟುಕೊಂಡವರಿಗೆ ಮಾತ್ರ ಆ ಸಂದೇಶ ಮುಟ್ಟುತ್ತದೆ. ಆದುದರಿಂದ ಇದು ಪರಸ್ಪರ ಒಪ್ಪಿಗೆಯ ವ್ಯವಸ್ಥೆ.

ದರ ಕಟ್ಟುವುದು

ಗಿರಾಕಿ ಸಿಗಲೆಂದು ದರ ಇಳಿಸಿ ಮಾರುವುದು ಮತ್ತೊಂದು ತಪ್ಪು. ತೊಗರಿಗೆ 2025-26ನೇ ಸಾಲಿನಲ್ಲಿ ಕೇಂದ್ರ ಸರ್ಕಾರ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಾಲಿಗೆ 8,000 ರೂಪಾಯಿ. ಅದನ್ನೇ ಆಧಾರವಾಗಿಟ್ಟುಕೊಂಡು ಕೆಳಗಿನಂತೆ ಲೆಕ್ಕ ಮಾಡಬಹುದು. ಖರ್ಚಿನ ಅಂಕಿಗಳು ಮಾದರಿಗಾಗಿ ಹಿಡಿದವು. ಪ್ರತಿಯೊಬ್ಬರೂ ತಮ್ಮ ಖರ್ಚನ್ನು ಹಾಕಿಕೊಳ್ಳಬೇಕು.

ತೊಗರಿ, 1 ಕ್ವಿಂಟಾಲ್: 8,000 ರೂ.
ಹಸನು ಮಾಡುವುದು ಮತ್ತು ಮಿಲ್ಲಿನ ಕೂಲಿ: 600 ರೂ.
ಚೀಲ ಮತ್ತು ಮುದ್ರಣ: 350 ರೂ.
ಸಾಗಾಣಿಕೆ: 450 ರೂ.
ಒಟ್ಟು: 9,400 ರೂ.

ಇದನ್ನು 70 ಕಿಲೋ ಬೇಳೆಗೆ ಹಂಚಿದರೆ ಕಿಲೋಗೆ ಸುಮಾರು 134 ರೂಪಾಯಿ ಬೀಳುತ್ತದೆ. ಇದಕ್ಕಿಂತ ಕಡಿಮೆಗೆ ಮಾರಿದರೆ ಕಾಳನ್ನೇ ಬೆಂಬಲ ಬೆಲೆಗೆ ಮಾರಿದವನಿಗಿಂತ ಬೇಳೆ ಮಾಡಿದವನು ನಷ್ಟಕ್ಕೆ ಒಳಗಾಗುತ್ತಾನೆ. ಮನೆಯವರ ದುಡಿಮೆ ಇದರಲ್ಲಿ ಸೇರಿಲ್ಲ. ಹೊಟ್ಟು ಮತ್ತು ನುಚ್ಚು ದನಗಳಿಗೆ ಉಳಿಯುವುದು ಲಾಭ. ದರ ಹೆಚ್ಚೆಂದು ಗುಂಪಿನಲ್ಲಿ ಯಾರಾದರೂ ಆಕ್ಷೇಪಿಸಿದರೆ ಸಿಟ್ಟಾಗದೆ ಈ ಲೆಕ್ಕವನ್ನೇ ಮುಂದಿಡಬಹುದು. ಮುಚ್ಚುಮರೆಯಿಲ್ಲದ ಲೆಕ್ಕಕ್ಕೆ ಜನ ಬೆಲೆ ಕೊಡುತ್ತಾರೆ.

ಮೊದಲ ಚೀಲ, ಮೊದಲ ದೂರು

ಮೊದಲ ಐದಾರು ಗಿರಾಕಿಗಳಿಗೆ 1 ಅಥವಾ 2 ಕಿಲೋ ಮಾತ್ರ ಕಳುಹಿಸಿ, ಅಡುಗೆ ಮಾಡಿದ ಮೇಲೆ ಹೇಗಿತ್ತೆಂದು ಕೇಳಬೇಕು. ಕಲ್ಲು, ಸಿಪ್ಪೆ, ತೂಕದ ಕೊರತೆ ಏನಿದ್ದರೂ ಹೇಳಲು ಕೋರಬೇಕು. ಸಾರಿಗೆ ಬಸ್ಸಿನ ಪಾರ್ಸೆಲ್ ಅಥವಾ ಅಂಚೆಯ ಮೂಲಕ ಕಳುಹಿಸಿದಾಗ ರಸೀದಿಯ ಚಿತ್ರವನ್ನು ಗಿರಾಕಿಗೆ ತಲುಪಿಸಬೇಕು. ಉದ್ದರಿ ವ್ಯವಹಾರ ಬೇಡ. ಫೋನಿನ ಮೂಲಕ ಹಣ ಪಡೆಯುವಾಗ ಪಡೆಯುವವರು ಪಿನ್ ಒತ್ತಬೇಕಾದ ಅಗತ್ಯವಿಲ್ಲ. ಹಣ ಕಳುಹಿಸುತ್ತೇವೆ, ಪಿನ್ ಒತ್ತಿ ಎನ್ನುವವರು ಮೋಸಗಾರರೆಂದು ತಿಳಿಯಬೇಕು.

ದೂರು ಬರುವುದು ಖಂಡಿತ. ಗುಂಪಿನಲ್ಲಿ ಬಹಿರಂಗವಾಗಿ ಬಂದ ದೂರಿಗೆ ಬಹಿರಂಗವಾಗಿಯೇ ಉತ್ತರಿಸಬೇಕು. ವಾದ ಮಾಡದೆ, ಹಣವನ್ನೋ ಬೇರೆ ಬೇಳೆಯನ್ನೋ ಕೊಟ್ಟು ಮುಗಿಸಬೇಕು. 2 ಕಿಲೋ ಬೇಳೆಯ ನಷ್ಟ 300 ರೂಪಾಯಿ ಒಳಗಿನದು. ನೂರು ಜನರ ಎದುರಿಗೆ ಕಳೆದುಕೊಂಡ ನಂಬಿಕೆಗೆ ಬೆಲೆ ಕಟ್ಟುವುದು ಸಾಧ್ಯವಿಲ್ಲ. ಸರಿಯಾಗಿ ನಿವಾರಿಸಿದ ಒಂದು ದೂರು ಹತ್ತು ಹೊಗಳಿಕೆಗಳಿಗಿಂತ ಹೆಚ್ಚು ಗಿರಾಕಿಗಳನ್ನು ತರಬಲ್ಲದು.

ಕಾನೂನಿನ ಅಗತ್ಯಗಳು

2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯ ಪ್ರಕಾರ ರೈತನ ಕೈಯಲ್ಲಿರುವ, ಸಂಸ್ಕರಿಸದ ಸಹಜ ರೂಪದ ಕೃಷಿ ಉತ್ಪನ್ನಕ್ಕೆ ವಿನಾಯಿತಿಯಿದೆ. ಕಾಳನ್ನು ಬೇಳೆ ಮಾಡಿದೊಡನೆ ಅದು ಸಂಸ್ಕರಿಸಿದ ಆಹಾರವಾಗುತ್ತದೆ. ಆದುದರಿಂದ ಮಾರಾಟಕ್ಕೆ ಮೊದಲೇ ನೋಂದಣಿ ಮಾಡಿಸಿಕೊಳ್ಳಬೇಕು. ಮುಂಚಿತವಾಗಿ ಕಟ್ಟಿದ ಚೀಲದ ಮೇಲೆ 2011ರ ಪೊಟ್ಟಣ ಸಾಮಗ್ರಿಗಳ ನಿಯಮಗಳಂತೆ ತಯಾರಕರ ಹೆಸರು ಮತ್ತು ವಿಳಾಸ, ಪದಾರ್ಥದ ಹೆಸರು, ನಿವ್ವಳ ತೂಕ, ತಯಾರಿಸಿದ ತಿಂಗಳು ಮತ್ತು ವರ್ಷ, ಗರಿಷ್ಠ ಮಾರಾಟ ಬೆಲೆ, ದೂರು ಹೇಳಲು ಫೋನ್ ನಂಬರು ಇರಬೇಕು. ತಕ್ಕಡಿಗೆ ಮುದ್ರೆ ಹಾಕಿಸಿರಬೇಕು.

ಕಾಲಕ್ಕೆ ತಕ್ಕ ಕೆಲಸ

ತೊಗರಿಯ ರಾಶಿ ಡಿಸೆಂಬರ್, ಜನವರಿಯಲ್ಲಿ. ಗಿರಾಕಿಯ ಹುಡುಕಾಟವನ್ನು ಆಗ ಪ್ರಾರಂಭಿಸಿದರೆ ತಡವಾಯಿತು. ದಸರಾ ಸಮಯದಲ್ಲಿ ಒಂದೆರಡು ಗುಂಪುಗಳನ್ನು ಸೇರಿ ಓದಲು ತೊಡಗಬೇಕು. ದೀಪಾವಳಿಯಿಂದ ಪ್ರಶ್ನೆಗಳಿಗೆ ಉತ್ತರ ಕೊಡುತ್ತ, ಬೆಳೆಯ ಸ್ಥಿತಿಯನ್ನು ಆಗೀಗ ತೋರಿಸಬೇಕು. ಸಂಕ್ರಾಂತಿಯ ಹೊತ್ತಿಗೆ ಕೇಳಿದವರಿಗೆ ಮಾದರಿ ಚೀಲ ಕಳುಹಿಸಬೇಕು. ಯುಗಾದಿಯ ಹೊತ್ತಿಗೆ ಮತ್ತೆ ಕೊಂಡವರ ಎಣಿಕೆ ಮಾಡಬೇಕು.

ಇದಕ್ಕಾಗಿ ಒಂದು ನೋಟ್‌ಪುಸ್ತಕ ಇಟ್ಟು ಗಿರಾಕಿಯ ಹೆಸರು, ಯಾವ ಗುಂಪಿನಿಂದ ಬಂದವರು, ಕೊಂಡ ತೂಕ, ಹೇಳಿದ ಅಭಿಪ್ರಾಯ, ಎರಡನೆಯ ಸಲ ಕೊಂಡ ದಿನಾಂಕ ಇವನ್ನು ಬರೆಯಬೇಕು. ಎರಡನೆಯ ಸಲ ಕೊಂಡವರೇ ನಿಜವಾದ ಗಿರಾಕಿಗಳು. 10 ಜನರಲ್ಲಿ 2 ಜನ ಮಾತ್ರ ಮತ್ತೆ ಕೊಂಡರೆ ಇನ್ನಷ್ಟು ಗುಂಪುಗಳನ್ನು ಹುಡುಕುವ ಬದಲು ಬೇಳೆಯ ಗುಣ, ದರ, ಸಾಗಾಣಿಕೆಗಳಲ್ಲಿರುವ ದೋಷವನ್ನು ಹುಡುಕಬೇಕು. ಕೆಟ್ಟ ಬೇಳೆಯನ್ನು ಯಾವ ಗುಂಪೂ ಮಾರಿಕೊಡಲಾರದು.

ವಿಸ್ತರಣಾ ಕಾರ್ಯಕರ್ತರು ರೈತರಿಗೆ ಯಂತ್ರದ ಸಹಾಯಧನದ ವಿವರ ಹೇಳುವಾಗಲೇ ಈ ಲೆಕ್ಕವನ್ನೂ ಮುಂದಿಟ್ಟು ಮಾತನಾಡುವುದು ಒಳ್ಳೆಯದು. ಸಾಲ ಮಾಡಿ ತಂದ ಯಂತ್ರ ಗಿರಾಕಿಯಿಲ್ಲದೆ ಮೂಲೆ ಸೇರಿದರೆ ಹಾನಿ ಆ ಕುಟುಂಬದ್ದು. ಸ್ವಸಹಾಯ ಸಂಘಗಳಲ್ಲಿ ಫೋನ್ ಬಳಕೆ ಬಲ್ಲ ಒಬ್ಬರಿಗೆ ಉತ್ತರ ಬರೆಯುವ ಕೆಲಸ, ಇನ್ನೊಬ್ಬರಿಗೆ ಲೆಕ್ಕದ ಕೆಲಸ ವಹಿಸಿದರೆ ಹೊರೆ ಹಂಚಿಹೋಗುತ್ತದೆ. ಕಾಳಿನ ಶೇಖರಣೆ, ಬೇಳೆಯ ತಯಾರಿಕೆ ಮತ್ತು ತರಬೇತಿಯ ಬಗ್ಗೆ ಜನವಾಡದ ಕೃಷಿ ವಿಜ್ಞಾನ ಕೇಂದ್ರವನ್ನು ಅಥವಾ ಸಮೀಪದ ರೈತ ಸಂಪರ್ಕ ಕೇಂದ್ರವನ್ನು ವಿಚಾರಿಸಬಹುದು. ಮೊದಲ ವರ್ಷ 5 ಮನೆಗಳು ನಿಂತರೂ ಅದು ಒಳ್ಳೆಯ ಪ್ರಾರಂಭವೇ ಸರಿ. ಆ 5 ಮನೆಯವರು ತಮ್ಮ ನೆರೆಯವರಿಗೆ ಹೇಳುವ ಮಾತೇ ಮುಂದಿನ ವರ್ಷದ ಬಿತ್ತನೆ ಬೀಜ.